ಮಗಳಿಗೊಂದು ಪತ್ರ: ಸುಸ್ತು ಅಂದರೆ ಸಿಗುವುದು ಬಿ ಕಾಂಪ್ಲೆಕ್ಸ್

ಉಡುಪಿ
ಆಟಿಯ ಮಳೆ, ಮಧ್ಯಾಹ್ನ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ಅರ್ಧ ಹೇಳಿ ಮಾತು ತಿರುಗಿಸಿದೆ. ಉಳಿದರ್ಧ ನನಗೆ ಗೊತ್ತಾಯಿತು. ವಾಟ್ಸಾಪಿನಲ್ಲಿ ಬರೆದರೆ ಯಾರ ಕಣ್ಣಿಗೆ ಬೀಳುತ್ತದೋ, ಅದಕ್ಕೇ ಈ ಕಾಗದ. ಅಮ್ಮ ಮಗಳಿಗೆ ಬರೆಯುವ ವಿಷಯವಲ್ಲ ಅನ್ನಿಸಬಹುದು. ಮತ್ತೆ ಯಾರು ಬರೆಯುವುದು ಮಾರಾಯ್ತಿ?

ನಿನ್ನ ಗಂಡನಿಗೆ ನಿನ್ನ ಮೇಲೆ ಆಸೆ ಹೋಗಿದೆ, ಇನ್ಯಾರೋ ಇದ್ದಾರೆ ಅಂತೆಲ್ಲ ಲೆಕ್ಕ ಹಾಕುತ್ತ ಕೂರಬೇಡ. ನಲವತ್ತು ದಾಟಿ, ಆರು ವರ್ಷದಿಂದ ಶುಗರ್ ಇರುವ ಗಂಡಸಿಗೆ ನಿಮಿರುವಿಕೆ ಸರಿಯಾಗಿ ಆಗುತ್ತಿಲ್ಲವೆಂದರೆ ಮೊದಲು ಸಂಶಯಪಡಬೇಕಾದ್ದು ರಕ್ತನಾಳದ ಮೇಲೆ. ಶುಗರ್ ಇರುವ ಗಂಡಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಒಂದಲ್ಲ ಒಂದು ಹೊತ್ತಿನಲ್ಲಿ ಬರುವ ತೊಂದರೆ ಇದು. ಒಂದೆರಡು ರಾತ್ರಿ ಆಗದಿದ್ದರೆ ಅದು ಕಾಯಿಲೆಯೇ ಅಲ್ಲ. ಆಯಾಸ, ಕುಡಿತ, ಕೆಲಸದ ತಲೆಬಿಸಿ, ಏನೂ ಇರಬಹುದು. 3 ತಿಂಗಳು ಎಳೆದರೆ ಮಾತ್ರ ಡಾಕ್ಟರು ಅದಕ್ಕೆ ಹೆಸರು ಕೊಡುತ್ತಾರೆ. ನಿಮ್ಮದು ಅದನ್ನು ದಾಟಿದೆ ಅಂತ ನಿನ್ನ ಧ್ವನಿಯೇ ಹೇಳಿತು.

ನಿಮಿರುವುದೆಂದರೆ ರಕ್ತ ತುಂಬಿ ನಿಲ್ಲುವುದು. ನರದ ತುದಿಯಿಂದ, ನಾಳದ ಒಳಪದರದಿಂದ ನೈಟ್ರಿಕ್ ಆಕ್ಸೈಡ್ ಹೊರಡುತ್ತದೆ. ನಾಳದ ಸ್ನಾಯು ಸಡಿಲಗೊಂಡು ರಕ್ತ ಒಳಗೆ ನುಗ್ಗುತ್ತದೆ. ತುಂಬಿದ ಭಾಗವೇ ಹೊರಗೆ ಹೋಗುವ ನಾಳಗಳನ್ನು ಅದುಮಿ ಹಿಡಿಯುತ್ತದೆ. ತೋಡಿನ ನೀರಿಗೆ ಕಟ್ಟ ಹಾಕಿದ ಹಾಗೆ. ನೀರು ಕಡಿಮೆ ಬಂದರೂ ಆಗುವುದಿಲ್ಲ, ಕಟ್ಟ ಸೋರಿದರೂ ಆಗುವುದಿಲ್ಲ. ಶುಗರ್, ಬಿಪಿ, ಕೊಲೆಸ್ಟರಾಲ್, ಸಿಗರೇಟು ನಾಲ್ಕೂ ಕೆಡಿಸುವುದು ಆ ಒಳಪದರವನ್ನೇ. ಅಲ್ಲಿನ ನಾಳದ ಅಗಲ 1ರಿಂದ 2 ಮಿಲಿಮೀಟರ್. ಹೃದಯದ ನಾಳ 3ರಿಂದ 4. ಒಂದೇ ಕೊಬ್ಬು ಎರಡೂ ಕಡೆ ಕೂತರೆ ಸಪೂರದ್ದು ಮೊದಲು ಕಟ್ಟಿಕೊಳ್ಳುತ್ತದೆ. ಹಾಗಾಗಿ ಹೃದಯದ ತೊಂದರೆ ತಲೆ ಎತ್ತುವ 2ರಿಂದ 5 ವರ್ಷ ಮೊದಲೇ ಎಷ್ಟೋ ಜನರಿಗೆ ಈ ತೊಂದರೆ ಕಾಣಿಸಿಕೊಳ್ಳುತ್ತದೆ. ನಾನು ಹೆದರುವುದು ಅದಕ್ಕೆ. ಮಲಗುವ ಕೋಣೆಯ ವಿಷಯವೆಂದು ಮುಚ್ಚಿಟ್ಟದ್ದು ಮುಂದೆ ಎದೆನೋವಾಗಿ ಬಾಗಿಲು ತಟ್ಟಬಾರದು.

ನಮ್ಮ ತುಳುನಾಡಿನ ಗಂಡಸರು ವಿಚಿತ್ರ. ಆಟಿ ಅಮಾವಾಸ್ಯೆಯ ದಿನ ನಸುಕಿಗೆ ಮೊದಲು ಎದ್ದು, ಮೈಮೇಲೆ ನೂಲೂ ಇಲ್ಲದೆ ಕಾಡಿಗೆ ಹೋಗಿ, ಕಲ್ಲಿನಿಂದ ಜಜ್ಜಿ ಕಷಾಯಕ್ಕೆ ಹಾಲೆ ಮರದ ಕೆತ್ತೆ ತರುವುದು ನಮ್ಮ ಹಳೆಯ ಕ್ರಮ. ಮರದ ಮುಂದೆ ಇಲ್ಲದ ನಾಚಿಕೆ ಡಾಕ್ಟರ ಮುಂದೆ ಎಲ್ಲಿಂದ ಬರುತ್ತದೋ! ಹೆಂಗಸರಿಗೆ ಲೇಡಿಗೋಷನ್ ಅಂತ ಆಸ್ಪತ್ರೆಯೇ ಉಂಟು, ಬಸುರಿ ಬಾಣಂತನದ ನೆಪದಲ್ಲಾದರೂ ನಾವು ಪರೀಕ್ಷೆಯ ಮಂಚ ಹತ್ತಿ ರೂಢಿಯಾಗಿರುತ್ತದೆ. ಗಂಡಸರಿಗೆ ಆ ರೂಢಿಯೇ ಇಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ.

ಮನಸ್ಸಿನದೋ ಮೈಯದೋ ಅನ್ನುವುದಕ್ಕೆ ಒಂದು ಸುಳುಹು ಮನೆಯಲ್ಲೇ ಸಿಗುತ್ತದೆ. ಆರೋಗ್ಯವಂತ ಗಂಡಸಿಗೆ ನಿದ್ದೆಯಲ್ಲಿ ರಾತ್ರಿಗೆ 3ರಿಂದ 5 ಸಲ ತಾನಾಗಿ ನಿಮಿರುತ್ತದೆ, ಬೆಳಗಿನ ಜಾವದ್ದು ಅದರಲ್ಲಿ ಕೊನೆಯದು. ಬೆಳಿಗ್ಗೆ ಗಟ್ಟಿಯಾಗಿಯೇ ಇದ್ದು ರಾತ್ರಿ ಮಾತ್ರ ಕೈಕೊಟ್ಟರೆ, ಅದೂ ಒಂದು ದಿನದಿಂದ ಇದ್ದಕ್ಕಿದ್ದಂತೆ ಶುರುವಾದದ್ದಾದರೆ, ಆತಂಕದ ಪಾಲು ಜಾಸ್ತಿ. ಬೆಳಗಿನದೂ ಮೆಲ್ಲಮೆಲ್ಲನೆ ಇಲ್ಲವಾಗುತ್ತ ಬಂದಿದ್ದರೆ ನಾಳ, ನರ ಅಥವಾ ಹಾರ್ಮೋನು. ಹೆಚ್ಚಾಗಿ ಎರಡೂ ಬೆರೆತಿರುತ್ತವೆ: ಮೈ ಒಮ್ಮೆ ಕೈಕೊಡುತ್ತದೆ, ಆಮೇಲೆ ‘ಇವತ್ತೂ ಆಗದಿದ್ದರೆ?’ ಅನ್ನುವ ಹೆದರಿಕೆ ಉಳಿದದ್ದನ್ನು ಕೆಡಿಸುತ್ತದೆ.

ಇನ್ನು ಅವರ ಹತ್ತಿರ ಮಾತಾಡುವುದು. ರಾತ್ರಿ ಬೇಡ, ಮಂಚದ ಮೇಲಂತೂ ಬೇಡವೇ ಬೇಡ. ಎದುರುಬದುರು ಕೂತೂ ಬೇಡ. ಕಾರಿನಲ್ಲಿ ಇಬ್ಬರೇ ಹೋಗುವಾಗ, ಇಬ್ಬರ ಕಣ್ಣೂ ರಸ್ತೆಯ ಮೇಲಿರುವಾಗ ಹೇಳು. ‘ನಿಮಗೆ ಹೀಗಾಗಿದೆ’ ಅನ್ನಬೇಡ. ‘ಶುಗರ್ ಇದ್ದರೆ ಇದು ಬರುತ್ತದಂತೆ, ಹೃದಯವನ್ನೂ ಒಮ್ಮೆ ತೋರಿಸಬೇಕಂತೆ, ನಾನೂ ಬರುತ್ತೇನೆ’ ಅನ್ನು. ಅಷ್ಟು ಸಾಕು. ಉತ್ತರಕ್ಕೆ ಕಾಯಬೇಡ. ಅವರು ರೇಡಿಯೋ ಹಾಕಿದರೆ ಹಾಕಲಿ, ವಾರ ಬಿಟ್ಟು ಇನ್ನೊಮ್ಮೆ ಹೇಳು. ತಮಾಷೆ ಮಾಡಬೇಡ, ಅತ್ತೆಗೆ ತಿಳಿಸಬೇಡ, ‘ಫಲಾನೆಯವರ ಗಂಡ ತೋರಿಸಿ ಸರಿಯಾಯಿತಂತೆ’ ಅಂತ ಹೋಲಿಸಲೂ ಬೇಡ.

ಎಲ್ಲಿ ತೋರಿಸುವುದು ಅಂತ ಕೇಳುತ್ತೀ. ಮಂಗಳೂರಿನಲ್ಲಿ ಆಸ್ಪತ್ರೆಗೇನು ಬರಗಾಲ? ಆದರೆ ಚೀಟಿ ಬರೆಯುವ ಹುಡುಗಿ ನೆಂಟರವಳು, ರಕ್ತ ತೆಗೆಯುವವನು ಶಾಲೆಯಲ್ಲಿ ಜೊತೆಗಿದ್ದವನು. ಅವರಿಗೆ ಅದೇ ಅಡ್ಡಿಯಾದರೆ ಮಣಿಪಾಲಕ್ಕೆ ಕರೆದುಕೊಂಡು ಬಾ. ಮಂಗಳೂರಿನವರು ಮಣಿಪಾಲಕ್ಕೆ, ಉಡುಪಿಯವರು ಮಂಗಳೂರಿಗೆ ಹೋಗುವುದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ. ನಾಚಿಕೆಗೆ ಬಸ್ಸಿನ ಟಿಕೆಟ್ಟಿನಷ್ಟು ಬೆಲೆ ಕೊಡೋಣ. ಶುಗರ್ ನೋಡುವ ಫಿಸಿಷಿಯನ್ ಹತ್ತಿರವೇ ಶುರು ಮಾಡಬಹುದು, ಬೇಕಾದರೆ ಅವರೇ ಯೂರಾಲಜಿಸ್ಟ್ ಹತ್ತಿರ ಕಳಿಸುತ್ತಾರೆ. ಬೆಳಗಿನ ಮೊದಲ ಸರದಿ ಕೇಳು, ಹೊರಗಿನ ಬೆಂಚಿನಲ್ಲಿ ಜನ ಕಡಿಮೆ. ಕಾರಣ ಕೇಳಿದರೆ ‘ಶುಗರ್ ಚೆಕಪ್’ ಅಂದರೆ ಸುಳ್ಳೇನೂ ಅಲ್ಲ.

ಹೆಚ್ಚಿನವರು ಎಡವುವುದು ಒಳಗೆ ಹೋದ ಮೇಲೆ. ಡಾಕ್ಟರು ‘ಎಂತ ಆಗುತ್ತದೆ?’ ಅಂದಾಗ ‘ಸ್ವಲ್ಪ ಸುಸ್ತು, ವೀಕ್‌ನೆಸ್’ ಅಂದುಬಿಡುತ್ತಾರೆ. ಸುಸ್ತು ಅಂದರೆ ಬಿ ಕಾಂಪ್ಲೆಕ್ಸ್ ಬರೆದು ಕಳಿಸುತ್ತಾರೆ, ಇನ್ನೇನು ಮಾಡಲಿಕ್ಕುಂಟು? ಅದಕ್ಕೆ ಒಂದು ಚೀಟಿ ಬೇಕು. ಬಾಯಲ್ಲಿ ಬಾರದ್ದನ್ನು ಮೇಜಿನ ಮೇಲೆ ಇಟ್ಟರಾಯಿತು. ಅದರಲ್ಲಿ ಇಷ್ಟಿರಲಿ: ಎಷ್ಟು ತಿಂಗಳಿಂದ, ಗಟ್ಟಿಯಾಗುವುದೇ ಇಲ್ಲವೋ, ಆದರೂ ನಿಲ್ಲುವುದಿಲ್ಲವೋ, ಅಥವಾ ಬೇಗ ಸ್ಖಲನವಾಗುವುದೋ (ಇವು ಮೂರೂ ಬೇರೆ ಬೇರೆ ತೊಂದರೆ, ಒಂದೇ ಮಾತಿನಲ್ಲಿ ಸೇರಿಸಿದರೆ ಮದ್ದೂ ತಪ್ಪುತ್ತದೆ), ಬೆಳಗಿನದು ಹೇಗುಂಟು, ಆಸೆ ಇದೆಯೋ ಇಲ್ಲವೋ, ಸಿಗರೇಟು ಎಷ್ಟು, ಕುಡಿಯುವುದೆಷ್ಟು, ಈಗ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರು ಮತ್ತು ಮಿಲಿಗ್ರಾಂ. ಕೊನೆಯದು ಬಹಳ ಮುಖ್ಯ. ಬಿಪಿಯ ಕೆಲವು ಮಾತ್ರೆ, ಅಟೆನೊಲಾಲ್, ಕ್ಲೋರ್‌ಥಾಲಿಡೋನ್ ತರಹದವು, ಖಿನ್ನತೆಗೆ ಕೊಡುವ ಕೆಲವು ಮಾತ್ರೆ ಈ ತೊಂದರೆಯನ್ನು ತರಬಲ್ಲವು. ಇದನ್ನು ಓದಿ ಅವರು ತಾವಾಗಿಯೇ ಮಾತ್ರೆ ನಿಲ್ಲಿಸಿಬಿಟ್ಟಾರು, ಹುಷಾರು. ಅಟೆನೊಲಾಲನ್ನು ಒಮ್ಮೆಲೇ ಬಿಟ್ಟರೆ ಹೃದಯಕ್ಕೇ ಪೆಟ್ಟು. ಬದಲಾಯಿಸಲು ಬೇರೆ ಮಾತ್ರೆಗಳುಂಟು, ಬದಲಾಯಿಸುವುದು ಡಾಕ್ಟರ ಕೆಲಸ.

ಪರೀಕ್ಷೆ ಎಂದರೆ ಹೆದರುವಂಥದ್ದೇನಿಲ್ಲ. ಬಿಪಿ, ಸೊಂಟದ ಸುತ್ತಳತೆ, ಕೆಳಗಿನ ಭಾಗವನ್ನು ಒಮ್ಮೆ ನೋಡುವುದು, ಅದು ಒಂದೆರಡು ನಿಮಿಷ. ರಕ್ತದಲ್ಲಿ ಖಾಲಿ ಹೊಟ್ಟೆಯ ಸಕ್ಕರೆ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟರಾಲ್, ಕಿಡ್ನಿಯದ್ದು ತಿಳಿಸುವ ಕ್ರಿಯಾಟಿನಿನ್, ಗಂಡಸರ ಹಾರ್ಮೋನು ಟೆಸ್ಟೋಸ್ಟಿರೋನ್. ಈ ಕೊನೆಯದನ್ನು ಬೆಳಿಗ್ಗೆ 10 ಗಂಟೆಯೊಳಗೆ ತೆಗೆಸಬೇಕು. ಹೊತ್ತು ಏರಿದ ಹಾಗೆ ಅದು ತಾನಾಗಿ ಇಳಿಯುತ್ತದೆ, ಸಂಜೆ ತೆಗೆಸಿ ‘ಕಡಿಮೆ ಉಂಟು’ ಅಂತ ಹೆದರುವವರು ಬೇಕಷ್ಟು. ಡೆಸಿಲೀಟರಿಗೆ 300 ನ್ಯಾನೋಗ್ರಾಂಗಿಂತ ಕಡಿಮೆ ಬಂದರೂ ಇನ್ನೊಂದು ಬೆಳಿಗ್ಗೆ ಮತ್ತೆ ತೆಗೆಸಿ ನೋಡದೆ ಟೆಸ್ಟೋಸ್ಟಿರೋನ್ ಇಂಜೆಕ್ಷನ್ನಿಗೆ ಒಪ್ಪಬೇಡಿ. ಆ ಇಂಜೆಕ್ಷನ್ನು ವೀರ್ಯಾಣು ಹುಟ್ಟುವುದನ್ನೇ ನಿಲ್ಲಿಸಬಹುದು. ಇನ್ನೊಂದು ಮಗು ಬೇಕು ಅಂತ ಇದ್ದರೆ ಅದನ್ನು ಮೊದಲೇ ಹೇಳಿ.

ಮಾತ್ರೆಯ ವಿಷಯ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ತಪ್ಪುಗಳೆಲ್ಲ ಆಗುವುದು ಇಲ್ಲೇ. ಸಿಲ್ಡೆನಾಫಿಲ್, ವಯಾಗ್ರ ಅನ್ನುತ್ತಾರಲ್ಲ ಅದೇ, 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮದ್ದು. ಮೊದಲು ಎದೆನೋವಿಗೆಂದು ಪ್ರಯೋಗ ಮಾಡುತ್ತಿದ್ದದ್ದು, ಗುಣ ಕಂಡದ್ದು ಬೇರೆ ಕಡೆ! ಸಾಮಾನ್ಯವಾಗಿ 50 ಮಿಲಿಗ್ರಾಂ, ಒಂದು ಗಂಟೆ ಮೊದಲು, ದಿನಕ್ಕೆ ಒಂದೇ ಸಲ. ಕೋರಿ ರೊಟ್ಟಿ ಹೊಟ್ಟೆ ತುಂಬ ಉಂಡು ನುಂಗಿದರೆ ಕೊಬ್ಬಿನಿಂದಾಗಿ ಮದ್ದು ಹಿಡಿಯುವುದು ತಡವಾಗುತ್ತದೆ. ನುಂಗಿ ಟಿವಿ ನೋಡುತ್ತ ಕೂತರೂ ಏನೂ ಆಗುವುದಿಲ್ಲ, ಆಸೆ, ಸ್ಪರ್ಶ ಬೇಕೇ ಬೇಕು, ಮಾತ್ರೆ ಬರೇ ದಾರಿ ಸಡಿಲ ಮಾಡುತ್ತದೆ. ಒಂದು ಸಲ ಆಗಲಿಲ್ಲವೆಂದು ಬಿಸಾಡುವುದು ದೊಡ್ಡ ತಪ್ಪು, ಸರಿಯಾದ ಕ್ರಮದಲ್ಲಿ 6ರಿಂದ 8 ಸಲ ನೋಡಿದ ಮೇಲೆಯೇ ‘ಹಿಡಿಯಲಿಲ್ಲ’ ಅನ್ನಬೇಕು. ಇದೇ ಜಾತಿಯ ಇನ್ನೊಂದು ಮಾತ್ರೆ ಟಡಾಲಾಫಿಲ್‌ಗೆ ಊಟದ ತಕರಾರಿಲ್ಲ, ಅದರ ಗುಣ 36 ಗಂಟೆಯವರೆಗೂ ಇರುತ್ತದೆ. ತಲೆನೋವು, ಮುಖ ಬಿಸಿಯಾಗುವುದು, ಮೂಗು ಕಟ್ಟುವುದು ಸಾಮಾನ್ಯ. ನಿಮಿರಿದ್ದು 4 ಗಂಟೆ ಕಳೆದರೂ ಇಳಿಯದಿದ್ದರೆ ಮಾತ್ರ ನಾಚಿಕೆ ಬಿಟ್ಟು ಕ್ಯಾಶುವಾಲ್ಟಿಗೆ ಓಡಬೇಕು.

ನಿನ್ನ ಮಾವನ ಮದ್ದಿನ ಡಬ್ಬಿಯಲ್ಲಿ ಎದೆನೋವಿಗೆ ನಾಲಗೆ ಅಡಿ ಇಡುವ ಸಾರ್ಬಿಟ್ರೇಟ್ ಉಂಟಲ್ಲ? ಅದು ಮತ್ತು ಈ ಮಾತ್ರೆ ಒಂದೇ ಮೈಯಲ್ಲಿ ಸೇರಬಾರದು. ಬಿಪಿ ಪ್ರಾಣಕ್ಕೆ ಬರುವಷ್ಟು ಕುಸಿಯುತ್ತದೆ. ಸಿಲ್ಡೆನಾಫಿಲ್ ನುಂಗಿ 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ಸಾರ್ಬಿಟ್ರೇಟ್ ಮುಟ್ಟುವ ಹಾಗಿಲ್ಲ. ಎದೆನೋವೆಂದು ಆಸ್ಪತ್ರೆಗೆ ಓಡಿಹೋದರೆ ಬಾಗಿಲಲ್ಲೇ ಹೇಳಬೇಕು, ‘ಇಂಥ ಮಾತ್ರೆ ಇಂಥ ಹೊತ್ತಿಗೆ ತೆಗೆದುಕೊಂಡಿದ್ದಾರೆ’ ಅಂತ. ಅವರು ನಾಚಿಕೊಂಡರೆ ನೀನು ಹೇಳು. ಮೆಡಿಕಲ್‌ನಲ್ಲಿ ಚೀಟಿ ಇಲ್ಲದೆ ಗುಟ್ಟಾಗಿ ಕೊಂಡರೆ ಇದನ್ನೆಲ್ಲ ಕೇಳುವವರು ಯಾರು? ಕಾನೂನಿನ ಪ್ರಕಾರ ಚೀಟಿ ಇಲ್ಲದೆ ಕೊಡುವ ಹಾಗೂ ಇಲ್ಲ.

ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಿರುವ ‘ಗುಪ್ತರೋಗ, ನರದೌರ್ಬಲ್ಯ, ಧಾತುನಷ್ಟ’ದ ಪೋಸ್ಟರುಗಳನ್ನು ನಂಬಬೇಡಿ. ‘ಗಿಡಮೂಲಿಕೆ ಮಾತ್ರ’ ಅಂತ ಮಾರುವ ಇಂಥ ಎಷ್ಟೋ ಕ್ಯಾಪ್ಸೂಲುಗಳಲ್ಲಿ ಸಿಲ್ಡೆನಾಫಿಲನ್ನೇ ಅಳತೆಯಿಲ್ಲದೆ ಬೆರೆಸಿದ್ದು ಪರೀಕ್ಷೆಯಲ್ಲಿ ಸಿಕ್ಕಿದೆ. ಗುಣ ಕಂಡರೆ ಅದು ಬೆರೆಸಿದ ಆ ಸಿಲ್ಡೆನಾಫಿಲ್‌ನ ಗುಣ, ಸಾರ್ಬಿಟ್ರೇಟಿನ ಅಪಾಯವೂ ಅದರಲ್ಲೇ ಉಂಟು, ಡಬ್ಬಿಯ ಮೇಲೆ ಬರೆದಿರುವುದಿಲ್ಲ ಅಷ್ಟೆ.

ನಡಿಗೆ ಬಿಡಬೇಡಿ. ವಾರಕ್ಕೆ 4 ದಿನ, ದಿನಕ್ಕೆ 40 ನಿಮಿಷ, ಉಸಿರು ಏರುವಷ್ಟು ಬಿರುಸಾಗಿ, 6 ತಿಂಗಳು. ಮಳೆ ಬಿಟ್ಟ ಮೇಲೆ ಕದ್ರಿ ಪಾರ್ಕಿಗೆ ಇಬ್ಬರೂ ಹೋಗಿ. ಸಿಗರೇಟು ಬಿಡದೆ ಉಳಿದದ್ದೆಲ್ಲ ಮಾಡಿದರೆ ಸೋರುವ ಕೊಡಕ್ಕೆ ನೀರು ಹೊಯ್ದ ಹಾಗೆ.

ಬರೆಯಲು ಕೂತಿದ್ದೇನೆ, ಮನೆಯ ಇನ್ನಿಬ್ಬರು ಗಂಡಸರದ್ದೂ ಹೇಳಿಬಿಡುತ್ತೇನೆ. ನಿನ್ನ ಮಾವ ರಾತ್ರಿ ನಾಲ್ಕು ಸಲ ಏಳುವುದನ್ನು ‘ವಯಸ್ಸು’ ಅಂತ ಬಿಡಬೇಡ. ಮೂತ್ರಚೀಲದ ಕೆಳಗಿರುವ ಗ್ರಂಥಿ, ಪ್ರೊಸ್ಟೇಟ್, ನೋಡಿಸು, ಬೆರಳಿನಿಂದ ಮಾಡುವ ಪರೀಕ್ಷೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಮೂತ್ರದ ವೇಗ ನೋಡುವ ಪರೀಕ್ಷೆಗೆ ಹೊಟ್ಟೆ ತುಂಬ ನೀರು ಕುಡಿದು, ಮೂತ್ರ ಕಟ್ಟಿಕೊಂಡೇ ಹೋಗಬೇಕು, 150 ಮಿಲಿಯಾದರೂ ಹೋಗದಿದ್ದರೆ ಲೆಕ್ಕ ಸಿಗುವುದಿಲ್ಲ. ನೆಗಡಿಗೆ ಅಂಗಡಿಯಿಂದ ಮಾತ್ರೆ ತಂದು ಕೊಡಬೇಡ, ಕೆಲವು ನೆಗಡಿ ಮಾತ್ರೆಗಳಿಂದ ಇಂಥವರಿಗೆ ಮೂತ್ರ ಪೂರ್ತಿ ಕಟ್ಟಿಕೊಳ್ಳುವುದುಂಟು. ಮೂತ್ರದಲ್ಲಿ ನೋವಿಲ್ಲದೆ ಒಂದೇ ಒಂದು ಸಲ ರಕ್ತ ಕಂಡರೂ ಕಾಯುವುದಲ್ಲ.

ಹಾಸ್ಟೆಲ್ಲಿನಲ್ಲಿರುವ ನಿನ್ನ ಭಾವನ ಮಗನಿಗೆ ಇಷ್ಟು ಮಾತ್ರ ಯಾರಾದರೂ ಗಂಡಸರ ಬಾಯಲ್ಲಿ ಹೇಳಿಸು: ಒಂದು ಬದಿಯ ವೃಷಣ ಇದ್ದಕ್ಕಿದ್ದಂತೆ ವಿಪರೀತ ನೋವಾದರೆ, ವಾಂತಿ ಬಂದರೆ, ಅದು ತಿರುಚಿಕೊಂಡಿರಬಹುದು. 6 ಗಂಟೆಯೊಳಗೆ ಬಿಡಿಸಿದರೆ ಹೆಚ್ಚಾಗಿ ಉಳಿಯುತ್ತದೆ, ಆಮೇಲೆ ಗಂಟೆ ಗಂಟೆಗೂ ಕೈಬಿಟ್ಟು ಹೋಗುತ್ತದೆ. ಆ ಪ್ರಾಯದ ಹುಡುಗರು ನಾಚಿಕೆಗೆ ‘ಹೊಟ್ಟೆನೋವು’ ಅನ್ನುತ್ತಾರೆ, ವಾರ್ಡನ್ ಗ್ಯಾಸಿನ ಮಾತ್ರೆ ಕೊಟ್ಟು ಮಲಗಿಸುತ್ತಾರೆ, ಬೆಳಗಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ನಾಳೆ ಬಸ್ಸಿನಲ್ಲಿ ಹಲಸಿನ ಹಪ್ಪಳ ಕಳಿಸುತ್ತೇನೆ, ಈ ಕಾಗದ ಹಪ್ಪಳದ ಕಟ್ಟಿನ ಅಡಿಯಲ್ಲಿರುತ್ತದೆ. ಓದಿ ಸುಟ್ಟುಬಿಡು, ಅತ್ತೆಮನೆಯವರಿಗೆ ಗೊತ್ತಾಯಿತೆಂದರೆ ಅವರು ಮತ್ತೆ ಬಾಯಿ ಬಿಡಲಿಕ್ಕಿಲ್ಲ. ಚೀಟಿಯನ್ನೂ ನೀನು ಬರೆದು ಕೊಡಬೇಡ. ಒಂದು ಹಾಳೆ, ಪೆನ್ನು, ಮಾತ್ರೆಗಳ ಸ್ಟ್ರಿಪ್ಪು ಮೇಜಿನ ಮೇಲಿಟ್ಟು ಅಡುಗೆಮನೆಗೆ ಹೋಗು, ಅವರೇ ಬರೆಯಲಿ.

ನಿನ್ನ
ಅಮ್ಮ