ಲಾಲ್‌ಬಾಗ್ ಮತ್ತು ಎಚ್‌ಎಂಟಿ ಮ್ಯೂಸಿಯಂ ಪ್ರವಾಸ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ದಸರಾ ರಜೆ ಮುಗಿಸಿ ಮಕ್ಕಳು ಶಾಲೆಗೆ ಬಂದಿದ್ದಾರೆ. ಮನಸ್ಸು ಮಾತ್ರ ಇನ್ನೂ ಪೂರ್ತಿ ಬಂದಿಲ್ಲ. ಇರಲಿ, ಅವರನ್ನು ಮತ್ತೊಂದು ಸಲ ಹೊರಗೆ ಕರೆದುಕೊಂಡು ಹೋಗುವ ಯೋಚನೆ ನಮ್ಮದು.

ನವೆಂಬರ್ ಎರಡನೇ ಶನಿವಾರ ಆರು ಮತ್ತು ಏಳನೇ ತರಗತಿಯವರಿಗೆ ಬೆಂಗಳೂರು ಪ್ರವಾಸ. ಬೆಳಿಗ್ಗೆ ಲಾಲ್‌ಬಾಗ್. ವಾಪಸ್ ತುಮಕೂರಿಗೆ ಬರುವಾಗ ಕೈಗಡಿಯಾರಕ್ಕೆ ಹೆಸರಾದ ಎಚ್‌ಎಂಟಿ ಕಂಪನಿಯ ಜಾಲಹಳ್ಳಿ ಮ್ಯೂಸಿಯಂ.

ಆಗಸ್ಟ್‌ನಲ್ಲಿ ಫಲಪುಷ್ಪ ಪ್ರದರ್ಶನ ಇದ್ದಾಗಲೇ ಹೋಗಬಹುದಿತ್ತಲ್ವಾ ಎಂದು ಕೆಲವರು ಕೇಳಿದಿರಿ. ಆ ಜನಜಂಗುಳಿಯಲ್ಲಿ ಮಕ್ಕಳಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ಈಗ ಶರದೃತು. ಸಿನಿಮಾದಲ್ಲಿ ತೋರಿಸುವ ಹಾಗೆ ಎಲೆಗಳು ಕೆಂಪಾಗಿ ಉದುರುವುದು ನಮ್ಮ ಕಡೆ ಇಲ್ಲ. ಆದರೆ ಮಳೆ ಕಡಿಮೆಯಾಗಿ, ಬಿಸಿಲು ಹದವಾಗಿ, ಆಕಾಶಮಲ್ಲಿಗೆ ಅರಳುವ ಕಾಲ ಇದೇ. ಬೆಳಿಗ್ಗೆ ಬೇಗ ಹೋದರೆ ಮರದ ಕೆಳಗೆ ಉದ್ದ ತೊಟ್ಟಿನ ಬಿಳಿ ಹೂ ಚೆಲ್ಲಿರುತ್ತವೆ. ನಾವು ಅದನ್ನು ಜಡೆ ಹೆಣೆದ ಹಾಗೆ ಹೆಣೆದು ಮುಡಿಯುತ್ತಿದ್ದೆವು, ದಾರವೇ ಬೇಕಿರಲಿಲ್ಲ. ನೀರುಕಾಯಿ ಮರ ಸಿಕ್ಕರೆ ಅದರ ಮೊಗ್ಗು ಹಿಂಡಿ ಒಬ್ಬರ ಮೇಲೊಬ್ಬರು ನೀರು ಹಾರಿಸುತ್ತಾರೆ. ನಾನು ನೋಡದ ಹಾಗೆ ಇರುತ್ತೇನೆ.

1760ರಲ್ಲಿ ಹೈದರಾಲಿ ಶುರು ಮಾಡಿಸಿದ ತೋಟ, 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆ ಇವನ್ನೆಲ್ಲ ಪಾಠದಲ್ಲೇ ಹೇಳಿದ್ದೇವೆ. ಅಲ್ಲಿ ಜಾಸ್ತಿ ಹೊತ್ತು ಕಳೆಯುವುದು ಕೆಂಪೇಗೌಡ ಗೋಪುರ ಇರುವ ಬಂಡೆಯ ಮೇಲೆ. ಅದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದರ ಮೇಲೆ ಕೂತೇ ತಿಂಡಿ ತಿನ್ನೋಣ ಎಂದರೆ ಬಿಡುವುದಿಲ್ಲವೇನೋ, ಸುಮ್ನೆ ಕೂರುವುದಕ್ಕಂತೂ ಅಡ್ಡಿಯಿಲ್ಲ. ಆಮೇಲೆ ಹೂವಿನ ಗಡಿಯಾರ ನೋಡುತ್ತೇವೆ. 7 ಮೀಟರ್ ಅಗಲದ ಆ ಗಡಿಯಾರವನ್ನು 1983ರಲ್ಲಿ ಮಾಡಿಕೊಟ್ಟವರು ಎಚ್‌ಎಂಟಿಯವರೇ.

ಮ್ಯೂಸಿಯಂ ವಿಷಯಕ್ಕೆ ನಿಮ್ಮ ಸಹಾಯ ಬೇಕು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ಶುರು ಮಾಡಿತು. ಮುಂದೆ ನಮ್ಮ ತುಮಕೂರಿಗೂ ಫ್ಯಾಕ್ಟರಿ ಬಂತು. 2016ರಲ್ಲಿ ಅದು ಮುಚ್ಚಿಹೋಯಿತು. ಆ ಜಾಗ ಈಗ ಇಸ್ರೋ ಕೈಯಲ್ಲಿದೆ, ಮಕ್ಕಳಿಗೆ ಗೊತ್ತಿರುವುದು ಅಷ್ಟೇ. ಆ ಫ್ಯಾಕ್ಟರಿಯಲ್ಲಿ ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು, ಚಿಮುಟದಲ್ಲಿ ಸಾಸಿವೆಗಿಂತ ಚಿಕ್ಕ ಸ್ಕ್ರೂ ಹಿಡಿದು ಕೂರಿಸಿದ ಕೈಗಳು ಇದೇ ಊರಿನ ಮನೆಗಳಲ್ಲಿವೆ. ನಿಮ್ಮ ಮನೆಯ ಅಜ್ಜ, ಅಜ್ಜಿ, ದೊಡ್ಡಪ್ಪ ಯಾರಾದರೂ ಅಲ್ಲಿ ದುಡಿದವರಿದ್ದರೆ ದಯವಿಟ್ಟು ನಮ್ಮ ಜೊತೆ ಕಳಿಸಿಕೊಡಿ. ಗಾಜಿನ ಹಿಂದೆ ಜನತಾ, ಪೈಲಟ್, ಕಾಂಚನ್ ವಾಚುಗಳನ್ನು ಇಟ್ಟು ಕೆಳಗೆ ಚೀಟಿ ಅಂಟಿಸಿದರೆ ಮಕ್ಕಳು ಓದದೆ ಮುಂದೆ ಹೋಗುತ್ತಾರೆ. 'ಇದನ್ನು ನಾನು ಜೋಡಿಸಿದ್ದು ಕಣಪ್ಪ' ಎಂದು ಒಬ್ಬರು ಹೇಳಿದರೆ ಅಲ್ಲೇ ನಿಲ್ಲುತ್ತಾರೆ. ಹಿರಿಯರಿಗೆ ಬಸ್ಸಿನಲ್ಲಿ ಮುಂದಿನ ಸೀಟು, ದುಡ್ಡು ಬೇಡ.

ಮನೆಯಲ್ಲಿ ಹಳೇ ಎಚ್‌ಎಂಟಿ ವಾಚು ಇದ್ದರೆ ಹಿಂದಿನ ಸಂಜೆ ಹುಡುಕಿ ತೆಗೆಯಿರಿ. ಕೀ ಕೊಡುವುದು ಹೇಗೆಂದು ಮಗುವಿಗೆ ತೋರಿಸಿ. ತಿರುಪನ್ನು ಎರಡು ಬೆರಳಲ್ಲಿ ಹಿಡಿದು ಕರಕರ ತಿರುಗಿಸಬೇಕು, ಬಿಗಿಯಾದ ಕೂಡಲೇ ಬಿಡಬೇಕು. ಚಾರ್ಜರ್ ಎಲ್ಲಿ ಎಂದು ಕೇಳುವ ಮಕ್ಕಳೂ ಇದ್ದಾರೆ! ವಾಚನ್ನು ಮಾತ್ರ ಮನೆಯಲ್ಲೇ ಬಿಟ್ಟು ಬರಲಿ. ಕಳೆದುಹೋದರೆ ಇನ್ನೊಂದು ಸಿಗುವುದು ಕಷ್ಟ.

ಬಸ್ಸು ಬೆಳಿಗ್ಗೆ 6 ಗಂಟೆಗೆ ಶಾಲೆಯ ಗೇಟಿನಿಂದ ಹೊರಡುತ್ತದೆ. ತಿಂಡಿ ಮನೆಯಿಂದ ಇರಲಿ, ಚಿತ್ರಾನ್ನವಾದರೆ ಕೆಡುವುದಿಲ್ಲ. ಮಧ್ಯಾಹ್ನದ ಊಟ ನಮ್ಮದು. ಮೊಬೈಲ್ ಬೇಡ. ಬಂಡೆಯ ಮೇಲೆ ಜಾರದಂಥ ಶೂ, ಒಂದು ಛತ್ರಿ, ನೀರಿನ ಬಾಟಲಿ ಸಾಕು. ಊಟ, ಬಸ್ಸು, ಟಿಕೆಟ್ ಎಲ್ಲ ಸೇರಿ 400 ರೂಪಾಯಿ. ಈ ತಿಂಗಳು ಕೈ ಬಿಗಿ ಇದ್ದರೆ ತರಗತಿ ಶಿಕ್ಷಕರ ಕಿವಿಯಲ್ಲಿ ಹೇಳಿ, ಮಗುವಂತೂ ಬಸ್ಸು ಹತ್ತುತ್ತದೆ.

ಒಪ್ಪಿಗೆ ಚೀಟಿಗೆ ಸಹಿ ಹಾಕಿ ಮುಂದಿನ ಬುಧವಾರದೊಳಗೆ ಕಳಿಸಿ. ಜೊತೆಗೆ ಬರುವ ಹಿರಿಯರ ಹೆಸರನ್ನು ಅದರ ಹಿಂದೆ ಬರೆಯಿರಿ, ಬಿಪಿ ಶುಗರ್ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಅದನ್ನೂ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ