ಪೆರು ಸಂಸತ್ತಿಗೆ ಬಹಿರಂಗ ಪತ್ರ: ಅಧ್ಯಕ್ಷರನ್ನು ತೆಗೆಯುವ ಕಾರಣವನ್ನು ಕಾನೂನಿನಲ್ಲಿ ಬರೆಯಿರಿ

ಲಿಮಾ, ನವೆಂಬರ್ 2025

ಪೆರು ಗಣರಾಜ್ಯದ ಸಂಸತ್ತಿನ ಮಾನ್ಯ ಸಭಾಧ್ಯಕ್ಷರಿಗೆ ಹಾಗೂ ಎಲ್ಲ 130 ಸದಸ್ಯರಿಗೆ,

ಹುಬ್ಬಳ್ಳಿಯಲ್ಲಿ ಹುಟ್ಟಿ, ವ್ಯಾಪಾರಕ್ಕೆಂದು ಲಿಮಾಕ್ಕೆ ಬಂದು, ಕೊನೆಗೆ ಈ ದೇಶದ ಪೌರತ್ವವನ್ನೇ ಪಡೆದು ನೆಲೆಸಿದ ಬಟ್ಟೆ ವ್ಯಾಪಾರಿ ನಾನು. ಈ ಪತ್ರದ ಸ್ಪ್ಯಾನಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಸಲ್ಲಿಸಿದ್ದೇನೆ. ನನ್ನ ಊರಿನವರಿಗೂ ವಿಷಯ ತಿಳಿಯಲಿ ಎಂದು ಇಲ್ಲಿ ಕನ್ನಡದಲ್ಲಿ ಪ್ರಕಟಿಸುತ್ತಿದ್ದೇನೆ. ನನ್ನ ಬೇಡಿಕೆ ಒಂದೇ. ಸಂವಿಧಾನದ 113ನೇ ವಿಧಿಯ ಪ್ರಕಾರ ‘ಶಾಶ್ವತ ನೈತಿಕ ಅಸಾಮರ್ಥ್ಯ’ದ ಕಾರಣ ಕೊಟ್ಟು ದೇಶದ ಅಧ್ಯಕ್ಷರ ಸ್ಥಾನ ತೆರವಾಗಿದೆ ಎಂದು ಘೋಷಿಸುವ ಅಧಿಕಾರ ನಿಮಗಿದೆ. ಯಾವ ಕೃತ್ಯ ಆ ಕಾರಣದ ಅಡಿಯಲ್ಲಿ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದನ್ನು ಕಾನೂನಿನಲ್ಲಿ ಬರೆಯಿರಿ.

2016ರ ಜುಲೈಯಿಂದ 2025ರ ಅಕ್ಟೋಬರ್‌ವರೆಗೆ ಈ ದೇಶ ಏಳು ಅಧ್ಯಕ್ಷರನ್ನು ಕಂಡಿದೆ. ಪೆದ್ರೊ ಪಾಬ್ಲೊ ಕುಚಿನ್‌ಸ್ಕಿ, ಮಾರ್ಟಿನ್ ವಿಸ್ಕಾರ್ರ, ಮನುಯೆಲ್ ಮೆರಿನೊ, ಫ್ರಾನ್ಸಿಸ್ಕೊ ಸಗಾಸ್ತಿ, ಪೆದ್ರೊ ಕಾಸ್ತಿಯೊ, ದಿನಾ ಬೊಲುವಾರ್ತೆ, ಹೊಸೆ ಹೆರಿ. ಇವರಲ್ಲಿ ಜನರು ಅಧ್ಯಕ್ಷ ಸ್ಥಾನಕ್ಕೇ ಮತ ಹಾಕಿ ಆರಿಸಿದ್ದು ಕುಚಿನ್‌ಸ್ಕಿ ಮತ್ತು ಕಾಸ್ತಿಯೊ ಅವರನ್ನು ಮಾತ್ರ. ಇಬ್ಬರು ಉಪಾಧ್ಯಕ್ಷ ಸ್ಥಾನದಿಂದ ಮೇಲೇರಿದರು, ಉಳಿದ ಮೂವರು ನಿಮ್ಮ ಸದನದಿಂದಲೇ ಅರಮನೆಗೆ ಹೋದರು. ಮತ ಹಾಕದಿದ್ದರೆ ನಮಗೆ ದಂಡ ಬೀಳುತ್ತದೆ. ಹಾಗೆ ಕಡ್ಡಾಯ ಮಾಡಿ ಪಡೆದ ಮತದ ಬೆಲೆ ಐದು ವರ್ಷ ಇರಬೇಕು ಎಂದು ನಿರೀಕ್ಷಿಸುವುದು ತಪ್ಪೇ?

ಇದರಿಂದ ನನ್ನಂಥವನಿಗೆ ಏನು ತೊಂದರೆ ಎಂದು ನೀವು ಕೇಳಬಹುದು. ಲಾ ವಿಕ್ಟೋರಿಯಾದಲ್ಲಿ ನನ್ನ ಅಂಗಡಿ ಇದೆ. ಒಂದು ಬೆಳಿಗ್ಗೆ ಷಟರ್ ಎತ್ತುವಾಗ ಕೆಳಗಿನಿಂದ ಒಳಗೆ ತೂರಿಸಿಟ್ಟಿದ್ದ ಕಂದು ಲಕೋಟೆ ಕಾಲಿಗೆ ಸಿಕ್ಕಿತು. ಅದರೊಳಗೆ ಪಿಸ್ತೂಲಿನ ಎರಡು ಗುಂಡುಗಳಿದ್ದವು. ಜೊತೆಗಿದ್ದ ನೋಟ್‌ಬುಕ್ ಹಾಳೆಯಲ್ಲಿ ಪ್ರತಿ ವಾರ ಕೊಡಬೇಕಾದ ಹಫ್ತಾ ಮೊತ್ತ, ಅದರ ಕೆಳಗೆ ನನ್ನ ಮಗಳ ಶಾಲೆಯ ಹೆಸರು, ಅವಳು ಶಾಲೆ ಬಿಡುವ ಹೊತ್ತು. ಅಕ್ಷರ ದುಂಡಗಿತ್ತು, ಅವಸರದಲ್ಲಿ ಬರೆದದ್ದಲ್ಲ. ಠಾಣೆಗೆ ಹೋದೆ. ದೂರು ಬರೆದುಕೊಂಡ ಅಧಿಕಾರಿ ಸಭ್ಯರಾಗಿಯೇ ಹೇಳಿದರು: “ಗೃಹ ಸಚಿವರು ಬದಲಾಗಿದ್ದಾರೆ, ವಿಶೇಷ ತಂಡವನ್ನು ಹೊಸದಾಗಿ ರಚಿಸುತ್ತಾರಂತೆ, ಆದೇಶ ಬಂದ ಮೇಲೆ ಬನ್ನಿ.” ಆದೇಶ ಬರುವಷ್ಟರಲ್ಲಿ ಆ ಸಚಿವರೂ ಹೋಗಿದ್ದರು. ಮತ್ತೆ ಹೋದಾಗ ಬೇರೆ ಅಧಿಕಾರಿ ಇದ್ದರು, ಮೊದಲಿನಿಂದ ಎಲ್ಲವನ್ನೂ ಹೇಳಿ ಎಂದರು. ಮಗಳ ಶಾಲೆ ಬದಲಿಸಿದೆವು. ಪಕ್ಕದ ಅಂಗಡಿಯವರು ವ್ಯಾಪಾರ ಮುಚ್ಚಿ ಊರಿಗೆ ಹೊರಟುಹೋದರು. ಸುಲಿಗೆಗಾರರ ಕೈಯಲ್ಲಿ ಈ ನಗರದ ಬಸ್ ಚಾಲಕರು ಸ್ಟಿಯರಿಂಗ್ ಹಿಡಿದಲ್ಲೇ ಸಾಯುತ್ತಿದ್ದಾರೆ. ಅಧ್ಯಕ್ಷರು ಬದಲಾದರೆ ಮಂತ್ರಿಮಂಡಲ ಬದಲಾಗುತ್ತದೆ, ಹೊಸ ಮಂತ್ರಿಮಂಡಲ 30 ದಿನಗಳೊಳಗೆ ನಿಮ್ಮ ಮುಂದೆ ಬಂದು ವಿಶ್ವಾಸಮತ ಕೇಳಬೇಕಾಗುತ್ತದೆ, ಅಲ್ಲಿಯವರೆಗೆ ಕೆಳಗಿನ ಯಾವ ಕಡತವೂ ಅಲುಗಾಡುವುದಿಲ್ಲ. ನೀವು ಒಂದು ರಾತ್ರಿಯಲ್ಲಿ ಮುಗಿಸುವ ಕೆಲಸದ ಸಾಲವನ್ನು ನಾವು ತಿಂಗಳುಗಟ್ಟಲೆ ತೀರಿಸುತ್ತಿದ್ದೇವೆ.

ನಿಯಮ ನಿಮಗೆ ಗೊತ್ತಿರುವುದೇ. ನಿಮ್ಮ ಕಾರ್ಯವಿಧಾನದ 89-ಎ ವಿಧಿಯಂತೆ ನಿಲುವಳಿಯನ್ನು ಚರ್ಚೆಗೆ ಅಂಗೀಕರಿಸಿದ ಮೇಲೆ ಮೂರನೇ ದಿನಕ್ಕಿಂತ ಮೊದಲು ಮತಕ್ಕೆ ಹಾಕುವಂತಿಲ್ಲ. ಐದನೇ ನಾಲ್ಕು ಭಾಗ, ಅಂದರೆ 104 ಸದಸ್ಯರು ಒಪ್ಪಿದರೆ ಮಾತ್ರ ಆ ಅವಧಿಯನ್ನು ಬಿಡಬಹುದು. ತೆಗೆದುಹಾಕಲು 87 ಮತ ಸಾಕು. ಎಣಿಕೆಯ ನಿಯಮಗಳೆಲ್ಲ ಇಷ್ಟು ಸ್ಪಷ್ಟವಾಗಿವೆ, ಅಪರಾಧ ಯಾವುದು ಎಂಬುದು ಮಾತ್ರ ಎಲ್ಲಿಯೂ ಇಲ್ಲ. ಬೊಲುವಾರ್ತೆ ಅವರ ಆಡಳಿತದ ಮೊದಲ ತಿಂಗಳುಗಳಲ್ಲಿ ಅಯಕುಚೊ, ಹುಲಿಯಾಕಾ ಮುಂತಾದ ಕಡೆ ಪ್ರತಿಭಟನೆಗಳಲ್ಲಿ ಐವತ್ತರ ಹತ್ತಿರ ಜನ ಸತ್ತರು. ಆಗ ಬಂದ ನಿಲುವಳಿಗಳಿಗೆ ಚರ್ಚೆಗೆ ಬೇಕಾದಷ್ಟು ಮತವೂ ಈ ಸದನದಲ್ಲಿ ಸಿಗಲಿಲ್ಲ. ಚುನಾವಣೆ ಆರು ತಿಂಗಳಿದೆ ಎನ್ನುವಾಗ, 2025ರ ಅಕ್ಟೋಬರ್ 9ರ ರಾತ್ರಿ ಅದೇ ವ್ಯಕ್ತಿಯನ್ನು ಆ ರಾತ್ರಿಯೇ ಬಂದು ಉತ್ತರಿಸಿ ಎಂದು ಕರೆದು, ಅವರು ಬಾರದಿದ್ದಾಗ ಮಧ್ಯರಾತ್ರಿ ದಾಟಿದ ಮೇಲೆ 122 ಮತಗಳಿಂದ ತೆಗೆದಿರಿ. ಅವರು ಇರಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಆ ಅಸಾಮರ್ಥ್ಯ ‘ಶಾಶ್ವತ’ವಾಗಿದ್ದರೆ ಅದಕ್ಕೆ ಹಿಂದಿನ ಸುಮಾರು ಮೂರು ವರ್ಷ ನಿಮಗೆ ಅದು ಕಾಣಲಿಲ್ಲವೇಕೆ?

ಈ ಕಾಯಿಲೆ ಹಳೆಯದು. 1823ರಲ್ಲಿ ಸೇನೆಯ ಒತ್ತಡದಿಂದ ದೇಶದ ಮೊದಲ ಅಧ್ಯಕ್ಷರಾಗಿ ಬಂದ ಹೊಸೆ ದೆ ಲಾ ರಿವಾ ಅಗುವೆರೊ ಅವರನ್ನು ಅದೇ ವರ್ಷ ಸಂಸತ್ತು ಪದಚ್ಯುತಗೊಳಿಸಿತ್ತು. 1992ರ ಏಪ್ರಿಲ್ 5ರಂದು ಆಗಿನ ಅಧ್ಯಕ್ಷ ಆಲ್ಬರ್ಟೊ ಫುಜಿಮೊರಿ ಸಂಸತ್ತನ್ನೇ ಮುಚ್ಚಿದರು. 2000ದಲ್ಲಿ ಜಪಾನಿನಿಂದ ಫ್ಯಾಕ್ಸ್ ಮೂಲಕ ಅವರು ಕಳಿಸಿದ ರಾಜೀನಾಮೆಯನ್ನು ತಿರಸ್ಕರಿಸಿ ಇದೇ ನೈತಿಕ ಕಾರಣ ಕೊಟ್ಟು ಅವರನ್ನು ತೆಗೆದಾಗ ದೇಶ ನಿಟ್ಟುಸಿರು ಬಿಟ್ಟಿತು. 2022ರ ಡಿಸೆಂಬರ್ 7ರಂದು ಸಂಸತ್ತನ್ನು ವಿಸರ್ಜಿಸುತ್ತೇನೆ ಎಂದು ಕಾಸ್ತಿಯೊ ಘೋಷಿಸಿದಾಗಲೂ ನಿಮಗೆ ಸುಮ್ಮನೆ ಕೂರುವಂತಿರಲಿಲ್ಲ. ಆದರೆ 2020ರ ನವೆಂಬರ್‌ನಲ್ಲಿ, ಸಾಂಕ್ರಾಮಿಕದ ನಡುವೆ, ಆಗಿನ್ನೂ ಸಾಬೀತಾಗಿರದ ಲಂಚದ ಆರೋಪದ ಮೇಲೆ ವಿಸ್ಕಾರ್ರ ಅವರನ್ನು 105 ಮತಗಳಿಂದ ಇಳಿಸಿದ್ದರ ಫಲವೇನಾಯಿತು? ಬೀದಿಗಿಳಿದ ಇಬ್ಬರು ಯುವಕರು ಲಿಮಾದ ನಡುವೆ ಸತ್ತರು, ಮೆರಿನೊ ಐದೇ ದಿನಗಳಲ್ಲಿ ಹೊರಟರು. ಆಗ ಸಾಂವಿಧಾನಿಕ ನ್ಯಾಯಮಂಡಳಿಯೂ ಈ ಪದಗಳ ಅರ್ಥ ತೀರ್ಮಾನಿಸದೆ ಅರ್ಜಿಯನ್ನು ಬದಿಗಿಟ್ಟಿತು. ಆದ್ದರಿಂದಲೇ ನಿಮ್ಮನ್ನು ಕೇಳುತ್ತಿದ್ದೇನೆ, ಕಾನೂನಿನಲ್ಲಿ ಬರೆಯಿರಿ.

ಬರೆಯಲು ಬಾರದು ಎನ್ನುವಂತಿಲ್ಲ. 134ನೇ ವಿಧಿಯಂತೆ ಎರಡು ಮಂತ್ರಿಮಂಡಲಗಳಿಗೆ ವಿಶ್ವಾಸ ನಿರಾಕರಿಸಿದರೆ ಅಧ್ಯಕ್ಷರು ನಿಮ್ಮನ್ನು ವಿಸರ್ಜಿಸಬಹುದು. 2019ರ ಸೆಪ್ಟೆಂಬರ್ 30ರಂದು ವಿಸ್ಕಾರ್ರ ಅದನ್ನು ಬಳಸಿದ ಮೇಲೆ, ಯಾವ ವಿಷಯಕ್ಕೆ ವಿಶ್ವಾಸಮತ ಕೇಳಬಹುದು, ಯಾವುದಕ್ಕೆ ಕೇಳುವಂತಿಲ್ಲ ಎಂದು 2021ರ ಅಕ್ಟೋಬರ್‌ನಲ್ಲಿ 31355ನೇ ಕಾನೂನು ತಂದು ಅವರ ಕೈಯ ಆಯುಧಕ್ಕೆ ಒರೆ ಹಾಕಿದಿರಿ. ನಿಮ್ಮ ಆಯುಧಕ್ಕೆ ಮಾತ್ರ ಒರೆ ಇಲ್ಲ. ಎರಡು ಸದನ ಬೇಡ ಎಂದು 2018ರ ಜನಮತಗಣನೆಯಲ್ಲಿ ಜನ ಹೇಳಿದ್ದರೂ 2024ರಲ್ಲಿ ಸಂವಿಧಾನದ ಹತ್ತಾರು ವಿಧಿಗಳನ್ನು ತಿದ್ದಿ 60 ಮಂದಿಯ ಸೆನೆಟ್ ತಂದಿರಿ. ಅಷ್ಟೆಲ್ಲ ತಿದ್ದುವ ಕೈಗೆ ಈ ಒಂದು ವ್ಯಾಖ್ಯಾನ ಬರೆಯಲು ಪುರುಸೊತ್ತಿಲ್ಲ ಎಂದರೆ ನಾನು ನಂಬುವುದಿಲ್ಲ. ನಾನು ಹುಟ್ಟಿದ ದೇಶದಲ್ಲಿ ರಾಷ್ಟ್ರಪತಿಗಳ ಅಧಿಕಾರ ಇಲ್ಲಿಯದಕ್ಕಿಂತ ಬಹಳ ಕಡಿಮೆ. ಆದರೂ ಅವರನ್ನು ತೆಗೆಯಬೇಕಾದರೆ ಸಂವಿಧಾನದ ಉಲ್ಲಂಘನೆಯ ಆರೋಪವೇ ಇರಬೇಕು, 14 ದಿನಗಳ ನೋಟಿಸ್ ಕೊಡಬೇಕು, ಒಂದು ಸದನದ ಆರೋಪವನ್ನು ಇನ್ನೊಂದು ಸದನ ತನಿಖೆ ಮಾಡಬೇಕು.

2026ರ ಏಪ್ರಿಲ್ 12ರಂದು ನಾನು ಮತ್ತೆ ಸಾಲಿನಲ್ಲಿ ನಿಂತು ಮತ ಹಾಕುತ್ತೇನೆ. ಜುಲೈ 28ರಂದು ಹೊಸ ಅಧ್ಯಕ್ಷರು ಕೆಂಪು-ಬಿಳಿ ಪಟ್ಟಿ ತೊಡುವ ಮೊದಲು ಯಾವ ಕೃತ್ಯಕ್ಕೆ ಆ ಪಟ್ಟಿಯನ್ನು ಕಳಚಬಹುದು, ಅದನ್ನು ಯಾರು ತನಿಖೆ ಮಾಡಬೇಕು, ಉತ್ತರ ಕೊಡಲು ಎಷ್ಟು ದಿನ ಇರಬೇಕು ಎಂಬುದನ್ನು ಕಾನೂನಿನಲ್ಲಿ ಬರೆಯಿರಿ. ನಿಮ್ಮ ಅವಧಿ ಮುಗಿಯುವುದರೊಳಗೆ ಇಂಥದೊಂದು ಮಸೂದೆಯನ್ನು ಕಾರ್ಯಸೂಚಿಗೆ ತೆಗೆದುಕೊಳ್ಳಬೇಕೆಂದು, ತೆಗೆದುಕೊಳ್ಳುವುದಿಲ್ಲವಾದರೆ ಅದರ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಲಾ ವಿಕ್ಟೋರಿಯಾದ ಒಬ್ಬ ಬಟ್ಟೆ ವ್ಯಾಪಾರಿ