ನೀರಿನ ಪಿಯು ಒಡೆದಿದೆ, ಲೇಬಲ್ ಕೆಳಗೆ ಇನ್ನೊಂದು ಲೇಬಲ್ ಇದೆ

ಇಂದ:
ಮಾಲೀಕರು, ಮರದ ಪಾಲಿಶ್ ಘಟಕ, ಭೋಸರಿ, ಪುಣೆ

ಗೆ:
ಮಾರಾಟ ವಿಭಾಗದ ಮುಖ್ಯಸ್ಥರು

ವಿಷಯ: ಮೇ 6ರಂದು ಬಂದ 4 ಡ್ರಮ್ ಪಾಲಿಯುರೇಥೇನ್ ಡಿಸ್ಪರ್ಷನ್ (ನೀರಿನ ಪಿಯು, ಅಂದರೆ ನೀರಿನಲ್ಲಿ ಸಣ್ಣ ಕಣಗಳಾಗಿ ಹರಡಿದ ಮರದ ಪಾಲಿಶ್) ಕೆಟ್ಟಿರುವ ಬಗ್ಗೆ

ಮಾನ್ಯರೇ,

ಫೋನಿನಲ್ಲಿ ನಾವಿಬ್ಬರೂ ಕನ್ನಡದಲ್ಲೇ ಮಾತಾಡಿದವರು, ದೂರನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಮೊದಲ ಡ್ರಮ್ ಜೂನ್‌ನಲ್ಲಿ ತೆರೆದಾಗ ಮಾಲು ಸ್ವಲ್ಪ ತೆಳುವಾಗಿತ್ತು. ಸೋಸಿ 14 ಬೀರು ಬಾಗಿಲುಗಳಿಗೆ ಹೊಡೆದೆವು. ನಾಲ್ಕು ದಿನವಾದರೂ ಅಂಟು ಹೋಗಲಿಲ್ಲ. ಬೆಳಗಾವಿ ಕಡೆಯ ನಮ್ಮ ಇಬ್ಬರು ಹುಡುಗರು ಮೂರು ದಿನ ಕೂತು ಅದನ್ನೆಲ್ಲ ಕೆರೆದು ತೆಗೆದರು. ಎರಡನೆಯದು, ಮೂರನೆಯದು ತೆರೆದರೆ ಒಡೆದ ಹಾಲು. ಪಿಎಚ್ (ಆಮ್ಲ ಹೆಚ್ಚಾದಷ್ಟೂ ಇಳಿಯುವ ಅಳತೆ) 6.7. ನಿಮ್ಮ ಸರ್ಟಿಫಿಕೇಟಿನಲ್ಲಿ 8.2 ಇದೆ.

'ನೀವು ಬಿಸಿಲಲ್ಲಿಟ್ಟಿದ್ದೀರಿ' ಎಂದಿರಿ. ಒಳಕೋಣೆಯ ತಾಪಮಾನ ದಿನಾ ಬರೆದಿಡುತ್ತೇವೆ. ಒಮ್ಮೆಯೂ 33 ಡಿಗ್ರಿ ದಾಟಿಲ್ಲ, ನಿಮ್ಮದೇ ಮಿತಿ 35. ನೀವೇ ಮಾರ್ಚ್‌ನಲ್ಲಿ ಕಳಿಸಿದ ಲಾಟಿನ ಅರ್ಧ ಡ್ರಮ್ ಪಕ್ಕದಲ್ಲೇ ಇದೆ, ಅದರ ಪಿಎಚ್ ಇವತ್ತಿಗೂ 8.

ಕಾರಣ ಗೊತ್ತಾದದ್ದು ಮಳೆಗಾಲದ ತೇವದಿಂದ. ಒಂದು ಡ್ರಮ್ಮಿನ ಲೇಬಲ್ ಅಂಚು ಎದ್ದಿತ್ತು. ಎಳೆದರೆ ಕೆಳಗೆ ಹಳೆಯ ಲೇಬಲ್, ತಯಾರಿಕೆಯ ದಿನಾಂಕ 11 ತಿಂಗಳು ಹಿಂದಿನದು. ಬಾಳಿಕೆ 6 ತಿಂಗಳು ಎಂದು ನೀವೇ ಹೇಳಿದ ಸರಕು!

ಈ ಪಿಯು ಪಾಲಿಯೆಸ್ಟರ್ ಪಾಲಿಯಾಲ್ (ಎಸ್ಟರ್ ಬಂಧಗಳಿಂದ ಕೂಡಿದ ಸರಪಳಿಯಂಥ ಕಚ್ಚಾವಸ್ತು) ಆಧಾರದ್ದು. ಸದಾ ನೀರಿನಲ್ಲೇ ಇರುವ ಎಸ್ಟರ್ ಬಂಧಗಳು ನಿಧಾನವಾಗಿ ಮುರಿಯುತ್ತವೆ, ಸೆಕೆಯಲ್ಲಿ ಇನ್ನೂ ಬೇಗ. ಮುರಿದಲ್ಲಿ ಹುಟ್ಟುವ ಆಮ್ಲ ಪಿಎಚ್ ಇಳಿಸುತ್ತದೆ. ಕಣಗಳನ್ನು ಒಂದಕ್ಕೊಂದು ಅಂಟದಂತೆ ದೂರ ಇಟ್ಟಿರುವುದು ಸರಪಳಿಯಲ್ಲಿ ಸೇರಿಸಿರುವ ಡಿಎಂಪಿಎ ಎಂಬ ಆಮ್ಲದ ಕಾರ್ಬಾಕ್ಸಿಲ್ ಗುಂಪುಗಳು ಟ್ರೈಈಥೈಲ್ ಅಮೀನ್ ಎಂಬ ಕ್ಷಾರದ ಜೊತೆ ಸೇರಿ ಪಡೆದ ಋಣ ವಿದ್ಯುದಂಶ. ಆಮ್ಲ ಅದನ್ನು ತಿಂದುಹಾಕಿದ ಮೇಲೆ ಕಣಗಳು ಗಡ್ಡೆಯಾಗದೆ ಇನ್ನೇನಾಗುತ್ತವೆ? ಸರಪಳಿ ತುಂಡಾಗಿದ್ದರಿಂದಲೇ ಬಾಗಿಲಿನ ಪದರವೂ ಗಟ್ಟಿಯಾಗಲಿಲ್ಲ. ಇದು ನಿಮಗೆ ಗೊತ್ತಿಲ್ಲದ್ದಲ್ಲ.

ಥಿನ್ನರ್ ವಾಸನೆಯಲ್ಲಿ ನಮ್ಮ ಹುಡುಗರು ಕೆಮ್ಮುವುದನ್ನು ನೋಡಲಾರದೆ ನಾನು ನೀರಿನ ಪಿಯುಗೆ ಬಂದವನು. ನನಗೆ ಈ ಸರಕು ಬೇಕು, ಸುಳ್ಳು ದಿನಾಂಕ ಬೇಡ.

10 ದಿನದೊಳಗೆ ನಾಲ್ಕೂ ಡ್ರಮ್ ವಾಪಸ್ ತೆಗೆದುಕೊಂಡು ಹೊಸ ಲಾಟ್ ಕೊಡಿ. 14 ಬಾಗಿಲುಗಳ ಕೂಲಿ ಮತ್ತು ಮಾಲಿನ ಖರ್ಚು ಭರಿಸಿ. ಈ ಬ್ಯಾಚಿನಿಂದ ನೀವು ತೆಗೆದಿಟ್ಟ ಮಾದರಿಯ ಪಿಎಚ್ ಬರವಣಿಗೆಯಲ್ಲಿ ತಿಳಿಸಿ. ಮುಂದಿನ ಬಿಲ್‌ಗಳಲ್ಲಿ ಮರುತುಂಬಿದ ದಿನಾಂಕವಲ್ಲ, ರಿಯಾಕ್ಟರಿನಿಂದ ಇಳಿಸಿದ ದಿನಾಂಕವೇ ಇರಲಿ. ಅಲ್ಲಿಯವರೆಗೆ ಬಾಕಿ ಹಣ ತಡೆದಿದ್ದೇನೆ.

ನಾಲ್ಕನೇ ಡ್ರಮ್ಮಿನ ಸೀಲ್ ಒಡೆದಿಲ್ಲ. ನಿಮ್ಮವರು ಬಂದು ನನ್ನೆದುರೇ ತೆರೆಯಲಿ.

ಇಂತಿ,
ಘಟಕದ ಮಾಲೀಕ